ಕುಜ್ನೆತ್ಸೋವ್ ಹಡಗಿನ ತಂತಿ ತುಂಡಾದದ್ದೇಕೆ?

2016ರ ನವೆಂಬರ್ ನಡುಭಾಗ. ಸಿರಿಯಾ ಕರಾವಳಿಯಾಚೆ, ಮೆಡಿಟರೇನಿಯನ್ ಸಮುದ್ರದ ಮೇಲೆ ರಷ್ಯಾದ ಮಿಗ್-29 ಒಂದು ಸುತ್ತು ಹಾಕುತ್ತಿತ್ತು. ಅದು ಇಳಿಯಬೇಕಾಗಿದ್ದ ವಿಮಾನವಾಹಕ ಹಡಗು ‘ಅಡ್ಮಿರಲ್ ಕುಜ್ನೆತ್ಸೋವ್’ ಕೆಳಗೇ ಇತ್ತು. ಆದರೆ ಇಳಿಯುವ ಹಾಗಿರಲಿಲ್ಲ. ಅದಕ್ಕಿಂತ ಮೊದಲು ಬಂದ ವಿಮಾನವನ್ನು ಹಿಡಿದು ನಿಲ್ಲಿಸುವಾಗ ಡೆಕ್ಕಿನ ಉಕ್ಕಿನ ತಂತಿ ಕೆಟ್ಟು ಕೂತಿತ್ತು, ಸಿಬ್ಬಂದಿ ಅದನ್ನು ಸರಿಪಡಿಸಲು ಹೆಣಗುತ್ತಿದ್ದರು. ಇನ್ನೇನು ಆಗಿಬಿಡುತ್ತದೆ ಎಂದು ಪೈಲಟ್ ಮೇಲೆಯೇ ಕಾದ. ಕಾಯುತ್ತಿರುವಾಗಲೇ ಎಂಜಿನ್‌ಗಳಿಗೆ ಇಂಧನ ಹರಿಯುವುದು ನಿಂತಿತು. ಪೈಲಟ್ ಆಸನ ಸಮೇತ ಹೊರಚಿಮ್ಮಿ ಪ್ರಾಣ ಉಳಿಸಿಕೊಂಡ. ವಿಮಾನ ಸಮುದ್ರದ ತಳ ಸೇರಿತು. ರಷ್ಯಾದ ರಕ್ಷಣಾ ಸಚಿವಾಲಯ ಇದನ್ನು ‘ತಾಂತ್ರಿಕ ದೋಷ’ ಎಂದು ಒಂದೇ ಮಾತಿನಲ್ಲಿ ಮುಗಿಸಿತು. ತಂತಿಯ ಕಥೆ ಆಮೇಲೆ ಪತ್ರಿಕೆಗಳಲ್ಲಿ ಹೊರಬಂತು.

ಮೂರು ವಾರ ಕಳೆಯುವುದರೊಳಗೆ ಮತ್ತೊಂದು. ಡಿಸೆಂಬರ್ ಮೊದಲ ವಾರದಲ್ಲಿ ಯುದ್ಧ ಮುಗಿಸಿ ಬಂದ ಸು-33 ವಿಮಾನ ಡೆಕ್ಕಿಗೆ ಸರಿಯಾಗಿಯೇ ಇಳಿಯಿತು, ಕೊಕ್ಕೆ ತಂತಿಯನ್ನು ಹಿಡಿಯಿತು, ತಂತಿ ಹರಿಯಿತು. ವಿಮಾನ ಮುಂದಕ್ಕೆ ಉರುಳಿ ಹಡಗಿನಂಚಿನಿಂದ ನೀರಿಗೆ ಬಿತ್ತು. ಅದರ ಪೈಲಟ್ ಕೂಡ ಬದುಕಿದ.

ಈ ಎರಡು ವಿಮಾನಗಳನ್ನು ಯಾವ ಶತ್ರುವೂ ಹೊಡೆದಿರಲಿಲ್ಲ. ರಷ್ಯಾದ ವಿಮಾನವಾಹಕ ನೌಕೆಯೊಂದು ಇತಿಹಾಸದಲ್ಲಿ ಮೊದಲ ಸಲ ಯುದ್ಧಕ್ಕಿಳಿದಾಗ ಕಳೆದುಕೊಂಡ ಎರಡೂ ವಿಮಾನಗಳು ಮನೆಗೆ ಮರಳುವ ಹೊತ್ತಿನಲ್ಲಿ, ಹಡಗಿನ ಮೇಲಿನ ಹಗ್ಗದಂಥ ಒಂದು ವಸ್ತುವಿನ ದೆಸೆಯಿಂದ ಹೋದವು. ಕುಜ್ನೆತ್ಸೋವ್ ಈಗ ಮುರ್ಮಾನ್ಸ್ಕ್‌ನ ರಿಪೇರಿ ಕಾರ್ಖಾನೆಯಲ್ಲಿ ಗುಜರಿಯ ದಾರಿ ಕಾಯುತ್ತಿದೆ. ಅದು ಅಲ್ಲಿಗೆ ಹೇಗೆ ಬಂತು ಎಂದು ತಿಳಿಯಲು ಈ ತಂತಿಯಿಂದಲೇ ಹೊರಡುವುದು ಲೇಸು.

ಸು-33 ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದಲ್ಲಿ ಡೆಕ್ಕಿಗೆ ಅಪ್ಪಳಿಸುತ್ತದೆ. ‘ಇಳಿಯುತ್ತದೆ’ ಎನ್ನುವ ಮಾತು ಇಲ್ಲಿ ತೀರಾ ಮೃದುವಾಯಿತು. ಇಪ್ಪತ್ತು ಟನ್ನಿಗೂ ಹೆಚ್ಚು ತೂಗುವ ಆ ವಿಮಾನ ನೂರು ಮೀಟರಿನ ಆಸುಪಾಸಿನಲ್ಲಿ ನಿಲ್ಲಬೇಕು. ಡೆಕ್ಕಿಗೆ ಅಡ್ಡಲಾಗಿ ಕುಜ್ನೆತ್ಸೋವ್‌ನಲ್ಲಿ ನಾಲ್ಕು ತಂತಿಗಳು. ಅವು ಡೆಕ್ಕಿನ ಕೆಳಗಿರುವ ಹೈಡ್ರಾಲಿಕ್ ಯಂತ್ರಗಳಿಗೆ ಸೇರಿಕೊಂಡಿರುತ್ತವೆ. ವಿಮಾನದ ಬಾಲದ ಕೊಕ್ಕೆ ಒಂದನ್ನು ಹಿಡಿದರೆ ಯಂತ್ರ ತಂತಿಯನ್ನು ಬಿಗಿಯಾಗಿ, ಆದರೆ ಒಮ್ಮೆಲೇ ಜಗ್ಗದಂತೆ ಬಿಟ್ಟುಕೊಡುತ್ತ ವೇಗವನ್ನು ನುಂಗುತ್ತದೆ. ಚಕ್ರ ಡೆಕ್ಕಿಗೆ ತಾಗಿದ ಕ್ಷಣದಲ್ಲಿ ಪೈಲಟ್ ಮಾಡುವ ಕೆಲಸ ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು: ಅವನು ಎಂಜಿನ್ನಿನ ಶಕ್ತಿಯನ್ನು ತಗ್ಗಿಸುವುದಿಲ್ಲ, ಪೂರ್ತಿ ಏರಿಸುತ್ತಾನೆ. ಕೊಕ್ಕೆ ತಂತಿಗೆ ಸಿಗದೆ ಹೋದರೆ ಮತ್ತೆ ಮೇಲೇಳಲು ಅದೊಂದೇ ದಾರಿ. ತಂತಿಗೆ ಸಿಗಲೇ ಇಲ್ಲವೆಂದರೆ ಹೆದರಿಕೆಯಿಲ್ಲ, ಹಾರಿ ಇನ್ನೊಂದು ಸುತ್ತು ಬರಬಹುದು. ಸಿಕ್ಕಿದ ತಂತಿ ಅರ್ಧದಲ್ಲಿ ಹರಿದರೆ ಮಾತ್ರ ಕಥೆ ಮುಗಿದಂತೆ. ಹಾರಲು ಬೇಕಾದ ವೇಗ ಆಗಲೇ ಹೋಗಿರುತ್ತದೆ, ಬ್ರೇಕಿಗೆ ಬಗ್ಗುವಷ್ಟು ವೇಗ ಇನ್ನೂ ಇಳಿದಿರುವುದಿಲ್ಲ. 2005ರಲ್ಲಿ ಉತ್ತರ ಅಟ್ಲಾಂಟಿಕ್‌ನಲ್ಲಿ ಇದೇ ಹಡಗಿನ ಇನ್ನೊಂದು ಸು-33 ಇದೇ ರೀತಿ ಸಮುದ್ರ ಸೇರಿತ್ತು. ಅಂದರೆ ಕಾಯಿಲೆ ಹನ್ನೊಂದು ವರ್ಷ ಹಳೆಯದು.

ತಂತಿ ಎನ್ನುವುದು ಸವೆಯುವ ವಸ್ತು. ನಿಗದಿತ ಸಂಖ್ಯೆಯ ಇಳಿತಗಳಾದ ಮೇಲೆ ಬದಲಿಸಬೇಕು, ಕೆಳಗಿನ ಯಂತ್ರವನ್ನು ಬಿಚ್ಚಿ ನೋಡಬೇಕು, ಪ್ರತಿ ವಿಮಾನದ ತೂಕಕ್ಕೆ ತಕ್ಕಂತೆ ಬಿಗಿಯನ್ನು ಹೊಂದಿಸಬೇಕು. ಇದನ್ನು ಮಾಡುವವರು ಪೈಲಟ್‌ಗಳಲ್ಲ, ಎಣ್ಣೆ ಮೆತ್ತಿದ ಕೈಯವರು. ದಿನವೂ ವಿಮಾನ ಇಳಿಸುವ ಹಡಗಿನಲ್ಲಿ ಆ ಕೈಗಳಿಗೆ ಅಭ್ಯಾಸವಿರುತ್ತದೆ. ಮೂರು ವರ್ಷಕ್ಕೊಮ್ಮೆ ಕಡಲಿಗೆ ಹೊರಡುವ ಹಡಗಿನಲ್ಲಿ ಇರುವುದಿಲ್ಲ.

ಹಾಗಾದರೆ ಆ ಯಾತ್ರೆಯಲ್ಲಿ ಕುಜ್ನೆತ್ಸೋವ್ ಸಾಧಿಸಿದ್ದೇನು? 2016ರ ಅಕ್ಟೋಬರ್ 15ರಂದು ಆರ್ಕ್‌ಟಿಕ್ ವಲಯದ ಸೆವೆರೊಮೊರ್ಸ್ಕ್‌ನಿಂದ ಅದು ಹೊರಟಿತು. ಜೊತೆಗೆ ಅಣುಶಕ್ತಿಯ ಬ್ಯಾಟಲ್‌ಕ್ರೂಸರ್ ‘ಪ್ಯೋತ್ರ್ ವೆಲಿಕಿ’, ಬೆಂಗಾವಲಿನ ಇತರ ಹಡಗುಗಳು, ದಾರಿಯಲ್ಲಿ ಕೆಟ್ಟುನಿಂತರೆ ಎಳೆದೊಯ್ಯಲು ಒಂದು ಟಗ್. ಇಂಗ್ಲಿಷ್ ಕಾಲುವೆಯಲ್ಲಿ ಅದು ಸಾಗುವಾಗ ಚಿಮಣಿಯಿಂದ ಏಳುತ್ತಿದ್ದ ಕರಿ ಹೊಗೆಯ ಚಿತ್ರಗಳು ಜಗತ್ತಿನ ಎಲ್ಲ ಪತ್ರಿಕೆಗಳಲ್ಲೂ ಬಂದವು. ಹಡಗಿನ ಬಾಯ್ಲರ್‌ಗಳು ಉರಿಸುವುದು ಮಜೂತ್ ಎಂಬ ಮಂದವಾದ ಇಂಧನ ಎಣ್ಣೆಯನ್ನು. ಬಿಸಿ ಮಾಡಿ ತೆಳುವಾಗಿಸದೆ ಅದು ಸರಿಯಾಗಿ ಉರಿಯುವುದಿಲ್ಲ. ಸ್ಪೇನಿನ ಸ್ಯೂಟಾದಲ್ಲಿ ಇಂಧನ ತುಂಬಿಸಿಕೊಳ್ಳುವ ಯೋಚನೆಯೂ ಇತ್ತು, ನೇಟೋ ದೇಶಗಳಿಂದ ಗದ್ದಲ ಎದ್ದ ಮೇಲೆ ರಷ್ಯಾ ಆ ಕೋರಿಕೆಯನ್ನು ಹಿಂದಕ್ಕೆ ಪಡೆಯಿತು.

ನವೆಂಬರ್ 15ರಂದು ಇದ್ಲಿಬ್ ಮತ್ತು ಹೋಮ್ಸ್ ಪ್ರಾಂತ್ಯಗಳ ಮೇಲೆ ಮೊದಲ ದಾಳಿ ನಡೆಯಿತು. ರಕ್ಷಣಾ ಸಚಿವ ಸೆರ್ಗೇಯ್ ಶೊಯಿಗು ಅದನ್ನು ಪುಟಿನ್ ಮುಂದೆ ಟಿವಿ ಕ್ಯಾಮೆರಾಗಳ ಎದುರಿನಲ್ಲೇ ವರದಿ ಮಾಡಿದರು. 2017ರ ಜನವರಿ 6ರಂದು ಹಡಗನ್ನು ವಾಪಸು ಕರೆಸುವ ಹೊತ್ತಿಗೆ ರಷ್ಯಾದ ಸೇನೆ ಕೊಟ್ಟ ಲೆಕ್ಕ: 420 ಯುದ್ಧ ಹಾರಾಟಗಳು, ಅದರಲ್ಲಿ 117 ರಾತ್ರಿಯವು, ನಾಶವಾದ ಗುರಿಗಳು 1,252. ಈ ಕೊನೆಯ ಸಂಖ್ಯೆಯನ್ನು ಹೊರಗಿನವರು ಯಾರೂ ಪರೀಕ್ಷಿಸುವ ಹಾಗಿಲ್ಲ. ಮೊದಲನೆಯದನ್ನು ನಾವೇ ಭಾಗಿಸಿ ನೋಡಬಹುದು. ಐವತ್ತೆರಡು ದಿನಗಳಿಗೆ 420 ಎಂದರೆ ದಿನಕ್ಕೆ ಎಂಟು. ಅಮೆರಿಕದ ನಿಮಿಟ್ಜ್ ವರ್ಗದ ಒಂದು ಹಡಗನ್ನು ದಿನಕ್ಕೆ ನೂರಕ್ಕೂ ಹೆಚ್ಚು ಹಾರಾಟ ನಡೆಸುವ ಲೆಕ್ಕದಲ್ಲಿ ಕಟ್ಟಲಾಗಿದೆ. ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ಒಪ್ಪುತ್ತೇನೆ. ಆ ಹಡಗುಗಳಲ್ಲಿ ಅರವತ್ತರ ಮೇಲೆ ವಿಮಾನಗಳಿರುತ್ತವೆ, ಕುಜ್ನೆತ್ಸೋವ್ ಆ ಸಲ ಒಯ್ದದ್ದು ಹದಿನೈದರ ಆಸುಪಾಸಿನ ಯುದ್ಧವಿಮಾನಗಳನ್ನು.

ಆದರೆ ದಿನಕ್ಕೆ ಎಂಟು ಎಂಬುದೂ ಪೂರ್ತಿಯಾಗಿ ಹಡಗಿನ ಸಾಧನೆಯಲ್ಲ. ನವೆಂಬರ್ 20ರಂದು ತೆಗೆದ ಉಪಗ್ರಹ ಚಿತ್ರವೊಂದರಲ್ಲಿ ಸಿರಿಯಾ ನೆಲದ ಖ್ಮೇಮಿಮ್ ವಾಯುನೆಲೆಯ ಮೇಲೆ ಎಂಟು ಸು-33 ಮತ್ತು ಒಂದು ಮಿಗ್-29 ಸಾಲಾಗಿ ನಿಂತಿರುವುದು ಕಾಣಿಸಿತು. ಲಟಾಕಿಯಾ ಪಕ್ಕದ ಆ ನೆಲೆಯಿಂದ ರಷ್ಯಾದ ವಾಯುಪಡೆ 2015ರ ಸೆಪ್ಟೆಂಬರ್‌ನಿಂದಲೇ ಬಾಂಬ್ ಹಾಕುತ್ತಿತ್ತು. ಕಡಲಿನ ಮೇಲೆ ಓಡಾಡುವ ವಿಮಾನ ನಿಲ್ದಾಣವೆಂದು ಸಾವಿರಾರು ಮೈಲಿ ಸುತ್ತಿ ಬಂದ ಹಡಗು ಕೊನೆಗೆ ತನ್ನ ವಿಮಾನಗಳನ್ನು ನೆಲದ ನಿಲ್ದಾಣಕ್ಕೇ ಒಪ್ಪಿಸಿತು. ಮದುವೆಗೆಂದು ದಿಬ್ಬಣ ಕಟ್ಟಿಕೊಂಡು ಹೋಗಿ, ಪಕ್ಕದ ಮನೆಯವರ ಒಲೆಯಲ್ಲಿ ಅಡುಗೆ ಮಾಡಿಸಿಕೊಂಡ ಹಾಗಾಯಿತು. ಬ್ರಿಟನ್ನಿನ ಆಗಿನ ರಕ್ಷಣಾ ಸಚಿವ ಮೈಕೆಲ್ ಫ್ಯಾಲನ್ ಅದನ್ನು ‘ನಾಚಿಕೆಯ ಹಡಗು’ ಎಂದು ಕರೆದರು. ಸಿರಿಯಾ ನಗರಗಳ ಮೇಲಿನ ದಾಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಿದ ಮಾತು ಅದು. ರಷ್ಯನ್ ನೌಕಾಪಡೆಯವರಿಗೆ ಬೇರೆ ಕಾರಣಕ್ಕೂ ಚುಚ್ಚಿರಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಹಡಗನ್ನು ಗೇಲಿ ಮಾಡಿ ಕೈತೊಳೆದುಕೊಳ್ಳುವವರ ಜೊತೆ ನಾನು ಸೇರಲಾರೆ. ಸಿರಿಯಾದಲ್ಲಿ ಕುಜ್ನೆತ್ಸೋವ್‌ಗೆ ಕೊಟ್ಟ ಕೆಲಸ ಅದನ್ನು ಕಟ್ಟಿದ ಕೆಲಸವೇ ಆಗಿರಲಿಲ್ಲ.

ರಷ್ಯನ್ನರು ಅದನ್ನು ವಿಮಾನವಾಹಕ ಎಂದು ಕರೆಯುವುದೂ ಇಲ್ಲ. ಅವರ ದಾಖಲೆಗಳಲ್ಲಿ ಅದು ‘ವಿಮಾನ ಹೊರುವ ಭಾರೀ ಕ್ರೂಸರ್’, ಅಂದರೆ ವಿಮಾನಗಳನ್ನೂ ಹೊರುವ ದೊಡ್ಡ ಯುದ್ಧನೌಕೆ. ಇದರಲ್ಲಿ ಸ್ವಲ್ಪ ಕಾನೂನಿನ ಜಾಣತನವಿದೆ. ಕಪ್ಪು ಸಮುದ್ರದಿಂದ ಹೊರಬರಲು ಟರ್ಕಿಯ ಜಲಸಂಧಿಗಳೇ ದಾರಿ, 1936ರ ಮಾಂಟ್ರೂ ಒಪ್ಪಂದದಲ್ಲಿ ವಿಮಾನವಾಹಕಗಳಿಗೆ ಆ ದಾರಿ ಕೊಡುವ ಮಾತಿಲ್ಲ. ಸೋವಿಯತ್ ವಿಮಾನವಾಹಕಗಳೆಲ್ಲ ಹುಟ್ಟುತ್ತಿದ್ದುದು ಕಪ್ಪು ಸಮುದ್ರದ ನಿಕೊಲಾಯೆವ್‌ನಲ್ಲಿ, ಈಗಿನ ಉಕ್ರೇನಿನ ಮಿಕೊಲಾಯಿವ್‌ನಲ್ಲಿ. ಹೆಸರಿನ ಹಿಂದೆ ನಿಜವಾದ ಯುದ್ಧತಂತ್ರವೂ ಇತ್ತು. ಅಣ್ವಸ್ತ್ರ ಹೊತ್ತ ಸೋವಿಯತ್ ಜಲಾಂತರ್ಗಾಮಿಗಳು ಬ್ಯಾರೆಂಟ್ಸ್ ಮತ್ತು ಒಖೋಟ್ಸ್ಕ್ ಸಮುದ್ರಗಳಲ್ಲಿ ಅಡಗಿರುತ್ತಿದ್ದವು. ಅವನ್ನು ಹುಡುಕಿಕೊಂಡು ಬರುವ ನೇಟೋ ಗಸ್ತು ವಿಮಾನಗಳನ್ನು ಓಡಿಸಲು ತಲೆಯ ಮೇಲೊಂದು ಕೊಡೆ ಬೇಕಿತ್ತು. ಸು-33 ಆ ಕೊಡೆ. ಅದು ಗಾಳಿಯಲ್ಲಿ ವಿಮಾನಗಳನ್ನು ಬೇಟೆಯಾಡಲು ಹುಟ್ಟಿದ ವಿಮಾನ, ನೆಲಕ್ಕೆ ಬಾಂಬ್ ಹಾಕಲು ಹುಟ್ಟಿದ್ದಲ್ಲ. ಹಡಗಿನ ಡೆಕ್ಕಿನ ಕೆಳಗೆ ಶತ್ರು ನೌಕೆಗಳನ್ನು ಹೊಡೆಯಲು ಹನ್ನೆರಡು ಗ್ರನಿತ್ ಕ್ಷಿಪಣಿಗಳಿಗೆ ಜಾಗ ಮಾಡಲಾಗಿತ್ತು. ಅವು ತಿಂದ ಜಾಗ ವಿಮಾನಗಳ ಗ್ಯಾರೇಜಿಗೆ ಕಡಿಮೆಯಾಯಿತು. ಸಿರಿಯಾಕ್ಕೆ ಹೊರಡುವ ಮುಂಚೆ ಸು-33ಗಳಿಗೆ ಹೊಸ ಗುರಿ-ಲೆಕ್ಕದ ಉಪಕರಣ ಕೂರಿಸಿ, ಮಾರ್ಗದರ್ಶನವಿಲ್ಲದ ಸಾದಾ ಬಾಂಬ್‌ಗಳನ್ನು ಹೊರಿಸಿ ಕಳಿಸಿದರು.

ಮೇಲೇಳುವ ವಿಧಾನದಲ್ಲೂ ಇದೇ ಮಿತಿ. ಅಮೆರಿಕದ ಹಡಗುಗಳಲ್ಲಿ ಆವಿ ಅಥವಾ ವಿದ್ಯುತ್ತಿನ ಕವಣೆಯಂತ್ರ ವಿಮಾನವನ್ನು ಎಸೆಯುತ್ತದೆ. ಕುಜ್ನೆತ್ಸೋವ್‌ನ ಮೂತಿ ಹದಿನಾಲ್ಕು ಡಿಗ್ರಿಯಷ್ಟು ಮೇಲಕ್ಕೆ ಬಾಗಿದೆ, ವಿಮಾನ ತನ್ನ ಎಂಜಿನ್ನಿನ ಬಲದಿಂದಲೇ ಓಡಿ ಆ ಏರಿನಿಂದ ಜಿಗಿಯಬೇಕು. ಓಡಲು ಇರುವ ಜಾಗ ಎರಡು ಕಡೆಯಿಂದ ನೂರು ಮೀಟರಿಗೆ ತುಸು ಹೆಚ್ಚು, ಮೂರನೆಯ ಕಡೆಯಿಂದ ಸುಮಾರು 195 ಮೀಟರ್. ಟ್ಯಾಂಕ್ ತುಂಬ ಇಂಧನ ಹಾಕಿದರೆ ಬಾಂಬ್ ಕಡಿಮೆ, ಬಾಂಬ್ ಹೆಚ್ಚಿಸಿದರೆ ಇಂಧನ ಕಡಿಮೆ. ದೂರದಿಂದಲೇ ಶತ್ರುವನ್ನು ಕಂಡು ಹೇಳುವ ದೊಡ್ಡ ರೇಡಾರ್ ವಿಮಾನವಂತೂ ಈ ಏರಿನಿಂದ ಹಾರುವುದಿಲ್ಲ. ಅಂಥದ್ದೊಂದು ವಿಮಾನ, ಯಾಕ್-44, ಸೋವಿಯತ್ ಒಕ್ಕೂಟದ ಜೊತೆಗೇ ಕಾಗದದಲ್ಲಿ ಉಳಿಯಿತು. ಆ ಕೆಲಸವನ್ನು ಕಾಮೊವ್-31 ಹೆಲಿಕಾಪ್ಟರ್‌ಗಳು ಅರೆಬರೆ ಮಾಡುತ್ತವೆ.

ಇಂಥ ಹಡಗು ಉತ್ತರದ ಕಡಲಿಗೆ ಬಂದ ಬಗೆಯೂ ಒಂದು ಕಥೆ. ಕಟ್ಟಲು ಆರಂಭಿಸಿದ್ದು 1982ರಲ್ಲಿ. ಮೊದಲು ‘ರೀಗಾ’, ಆಮೇಲೆ ‘ಲಿಯೊನಿದ್ ಬ್ರೆಜ್ನೆವ್’, ಆಮೇಲೆ ‘ತ್ಬಿಲಿಸಿ’, ಕೊನೆಗೆ ‘ಕುಜ್ನೆತ್ಸೋವ್’. ಒಂದು ಸಾಮ್ರಾಜ್ಯ ಕುಸಿಯುವಾಗ ಯಾವ ಹೆಸರು ಯಾವಾಗ ಮುಜುಗರ ತರುತ್ತದೆಂದು ಹೇಳಲಾಗುವುದಿಲ್ಲ. 1989ರ ನವೆಂಬರ್ 1ರಂದು ವಿಕ್ತೋರ್ ಪುಗಚ್ಯೋವ್ ಸು-27ಕೆ (ಮುಂದೆ ಸು-33 ಎನಿಸಿದ್ದು) ವಿಮಾನವನ್ನು ಅದರ ಮೇಲಿಳಿಸಿದರು, ಅದೇ ದಿನ ತೊಕ್ತಾರ್ ಔಬಕಿರೊವ್ ಮಿಗ್-29ರ ನೌಕಾ ಆವೃತ್ತಿ ಮಿಗ್-29ಕೆ ಇಳಿಸಿದರು. ಸೋವಿಯತ್ ಹಡಗಿನ ಮೇಲೆ ಮಾಮೂಲಿ ಯುದ್ಧವಿಮಾನಗಳು ತಂತಿ ಹಿಡಿದು ಇಳಿದದ್ದು ಅದೇ ಮೊದಲು. ಎರಡು ವರ್ಷ ಕಳೆದು, 1991ರ ಡಿಸೆಂಬರ್ ಆರಂಭದಲ್ಲಿ ಉಕ್ರೇನ್ ಸ್ವಾತಂತ್ರ್ಯಕ್ಕೆ ಮತ ಹಾಕುತ್ತಿರುವಾಗಲೇ, ಉತ್ತರ ನೌಕಾಪಡೆಯಿಂದ ಬಂದ ಹಿರಿಯ ಅಡ್ಮಿರಲ್ ಒಬ್ಬರು ರಾತ್ರೋರಾತ್ರಿ ಲಂಗರು ಎತ್ತಿಸಿದರು. ವಿಮಾನಗಳು ಹಿಂದುಳಿದವು, ಸಿಬ್ಬಂದಿಯಲ್ಲಿ ಹಲವರು ದಡದಲ್ಲೇ ಉಳಿದರು. ಹಡಗು ಬಾಸ್ಫರಸ್ ದಾಟಿ ಉತ್ತರಕ್ಕೆ ಹೋಯಿತು.

ಓಡಿಹೋಗಲಾಗದೆ ಉಳಿದ ತಂಗಿ ‘ವರ್ಯಾಗ್’ ಸುಮಾರು ಮೂರನೇ ಎರಡು ಭಾಗ ಮುಗಿದ ಸ್ಥಿತಿಯಲ್ಲಿ ಉಕ್ರೇನಿನ ಪಾಲಿಗೆ ಬಂತು. 1998ರಲ್ಲಿ ಎರಡು ಕೋಟಿ ಡಾಲರಿಗೆ ಅದನ್ನು ಕೊಂಡ ಮಕಾವ್‌ನ ಕಂಪನಿ ತೇಲುವ ಜೂಜುಕಟ್ಟೆ ಮಾಡುವುದಾಗಿ ಹೇಳಿತ್ತು. ಅದು 2012ರಲ್ಲಿ ಚೀನಾದ ಮೊದಲ ವಿಮಾನವಾಹಕ ‘ಲಿಯಾವೊನಿಂಗ್’ ಆಗಿ ನೌಕಾಪಡೆ ಸೇರಿತು. ಕವಣೆಯಂತ್ರದೊಂದಿಗೆ ಯೋಜಿಸಿದ್ದ ಅಣುಶಕ್ತಿಯ ‘ಉಲ್ಯಾನೊವ್ಸ್ಕ್’ ಕಟ್ಟೆಯ ಮೇಲೆಯೇ ತುಂಡಾಗಿ ಗುಜರಿಗೆ ಹೋಯಿತು. ಒಂದೇ ಹಡಗುಕಟ್ಟೆಯ ಇಬ್ಬರು ಮಕ್ಕಳಲ್ಲಿ ಒಂದನ್ನು ನೋಡಿ ಕಲಿತ ಚೀನಾ ಈಗ ವಿದ್ಯುತ್ಕಾಂತೀಯ ಕವಣೆಯಿರುವ ‘ಫುಜಿಯಾನ್’ವರೆಗೆ ಬಂದು ನಿಂತಿದೆ. ಮನೆಯಲ್ಲಿ ಉಳಿದದ್ದು ಮುರ್ಮಾನ್ಸ್ಕ್‌ನಲ್ಲಿ ತುಕ್ಕು ಹಿಡಿಯುತ್ತಿದೆ.

ವ್ಯತ್ಯಾಸ ಎಲ್ಲಿ ಬಂತು? ಹೆಚ್ಚಿನ ಬರಹಗಳು ಮಜೂತ್ ಹೊಗೆಯನ್ನೂ ಮುದಿ ಬಾಯ್ಲರ್‌ಗಳನ್ನೂ ತೋರಿಸುತ್ತವೆ. ನನ್ನ ಮಟ್ಟಿಗೆ ಇದಕ್ಕೆ ಉತ್ತರವಿರುವುದು ದಡದಲ್ಲಿ. ಸೋವಿಯತ್ ನೌಕಾಪಡೆ ದೊಡ್ಡ ಹಡಗುಗಳನ್ನು ಕಟ್ಟಿತು, ಅವು ಬಂದು ನಿಲ್ಲಲು ತಕ್ಕ ಕಟ್ಟೆಗಳನ್ನು ಕಟ್ಟಲಿಲ್ಲ. ಎಪ್ಪತ್ತರ ದಶಕದಲ್ಲಿ ಬಂದ ‘ಕಿಯೆವ್’, ‘ಮಿನ್ಸ್ಕ್’ ಹಡಗುಗಳಿಗೆ ದಡದಿಂದ ಸಾಕಷ್ಟು ವಿದ್ಯುತ್ತೂ ಆವಿಯೂ ಸಿಗುತ್ತಿರಲಿಲ್ಲ. ಹೀಗಾಗಿ ಲಂಗರು ಹಾಕಿ ನಿಂತಾಗಲೂ ತಮ್ಮ ಯಂತ್ರಗಳನ್ನು ತಾವೇ ಉರಿಸಿಕೊಂಡಿರಬೇಕಿತ್ತು. ಊರಿಗೆ ಹೋಗದೆ ನಿಂತಲ್ಲೇ ನಿಂತ ಬಸ್ಸಿನ ಎಂಜಿನ್ನನ್ನು ಹಗಲೂ ರಾತ್ರಿ ಚಾಲೂ ಇಟ್ಟರೆ ಹೇಗೋ ಹಾಗೆ. ಸಾವಿರಾರು ಮೈಲಿ ಓಡಬೇಕಾಗಿದ್ದ ಯಂತ್ರಗಳ ಆಯುಷ್ಯ ಬಂದರಿನಲ್ಲೇ ತೀರಿತು. ಕುಜ್ನೆತ್ಸೋವ್‌ಗೂ ಧ್ರುವದ ಚಳಿಗಾಲಗಳಲ್ಲಿ ಇದೇ ಬಾಳು. ಆನೆ ತಂದವರು ಲಾಯ ಕಟ್ಟುವುದನ್ನು ಮರೆತಿದ್ದರು.

ದುರಸ್ತಿಯ ಕಥೆಯಂತೂ ಇನ್ನೂ ಕಷ್ಟದ್ದು. ಇಂಥ ಹಡಗನ್ನು ನೀರಿನಿಂದೆತ್ತಲು ಉತ್ತರದಲ್ಲಿದ್ದದ್ದು ಒಂದೇ ತೇಲುವ ಡಾಕ್, ಪಿಡಿ-50. ಸುಮಾರು 80,000 ಟನ್ ಎತ್ತುವ ಅದನ್ನು ಸ್ವೀಡನ್ನಿನಲ್ಲಿ ಕಟ್ಟಿಸಿ ತಂದದ್ದು. 2018ರ ಅಕ್ಟೋಬರ್ 30ರ ನಸುಕಿನಲ್ಲಿ, ರಿಪೇರಿಗೆಂದು ಅದರೊಳಗಿದ್ದ ಕುಜ್ನೆತ್ಸೋವ್ ಅನ್ನು ಹೊರಬಿಡಲು ಡಾಕನ್ನು ಮುಳುಗಿಸುತ್ತಿರುವಾಗ ದಡದಿಂದ ಬರುತ್ತಿದ್ದ ವಿದ್ಯುತ್ ಕೈಕೊಟ್ಟಿತು. ಪಂಪ್‌ಗಳು ನಿಂತವು, ತೊಟ್ಟಿಗಳಿಗೆ ನೀರು ನುಗ್ಗಿತು, ಡಾಕ್ ಓರೆಯಾಗಿ ತಳ ಸೇರಿತು. ಬೀಳುವಾಗ ಅದರ ಕ್ರೇನೊಂದು ಹಡಗಿನ ಡೆಕ್ಕಿನ ಮೇಲೆ ಉರುಳಿ ದೊಡ್ಡ ತೂತು ಕೊರೆಯಿತು. ಜೀವಹಾನಿಯೂ ಆಯಿತು. ಮರುವರ್ಷ ಡಿಸೆಂಬರ್ 12ರಂದು ಬೆಸುಗೆ ಕೆಲಸ ನಡೆಯುತ್ತಿದ್ದಾಗ ಒಳಗೆ ಬೆಂಕಿ ಹೊತ್ತಿ ಇಬ್ಬರು ಸತ್ತರು. ಬೇರೆ ಡಾಕ್ ಇಲ್ಲದೆ, ಪಕ್ಕಪಕ್ಕದ ಎರಡು ಒಣ ಡಾಕ್‌ಗಳ ನಡುವಿನ ಗೋಡೆ ಒಡೆದು ಒಂದು ಮಾಡಿ 2022ರಲ್ಲಿ ಹಡಗನ್ನು ಅದರೊಳಕ್ಕೆ ಎಳೆದರು. ಆ ವರ್ಷದ ಕೊನೆಗೆ ಮತ್ತೊಂದು ಬೆಂಕಿ, ಅದೃಷ್ಟಕ್ಕೆ ಚಿಕ್ಕದು.

2025ರ ಜುಲೈನಲ್ಲಿ ದುರಸ್ತಿ ಕೆಲಸ ನಿಂತಿದೆ ಎಂದು ರಷ್ಯಾದ ಪತ್ರಿಕೆಗಳೇ ಬರೆದವು. ಸರ್ಕಾರಿ ಹಡಗು ನಿರ್ಮಾಣ ನಿಗಮದ ಅಧ್ಯಕ್ಷ ಆಂದ್ರೇಯ್ ಕೊಸ್ತಿನ್ ಮಾತನ್ನು ಸುತ್ತಿಬಳಸಲಿಲ್ಲ. ಹಡಗಿಗೆ ನಲವತ್ತು ದಾಟಿದೆ, ಖರ್ಚು ವಿಪರೀತ, ಇನ್ನು ರಿಪೇರಿಗೆ ಅರ್ಥವಿಲ್ಲ, ಮಾರುವುದೋ ಒಡೆಯುವುದೋ ಆಗಬೇಕು ಎಂದರು. ಪೆಸಿಫಿಕ್ ನೌಕಾಪಡೆಯ ಮಾಜಿ ಮುಖ್ಯಸ್ಥ ಸೆರ್ಗೇಯ್ ಅವಕ್ಯಾಂತ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಿಮಾನವಾಹಕಗಳ ಕಾಲವೇ ಮುಗಿಯಿತು, ಮುಂದಿನದು ಮಾನವರಹಿತ ಯಂತ್ರಗಳ ಕಾಲ ಎಂದರು. ಈ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಹಡಗು ಕೈತಪ್ಪುವ ಹೊತ್ತಿಗೇ ಸರಿಯಾಗಿ ಈ ಜ್ಞಾನೋದಯವಾದದ್ದು ದ್ರಾಕ್ಷಿ ಹುಳಿ ಎಂದ ನರಿಯನ್ನು ನೆನಪಿಸುತ್ತದೆ.

ಹಡಗಿಗಿಂತ ನನ್ನನ್ನು ಕಾಡುವುದು ಅದರ ಪೈಲಟ್‌ಗಳ ಪಾಡು. ಡೆಕ್ಕಿನ ಮೇಲೆ ಇಳಿಯುವುದನ್ನು ಕಲಿಯಲು ನೆಲದ ಮೇಲೆ ಅದರ ಪ್ರತಿಕೃತಿ ಬೇಕು: ಅದೇ ಏರು, ಅದೇ ತಂತಿಗಳು. ಸೋವಿಯತ್ ಕಾಲದಲ್ಲಿ ಅದನ್ನು ಕ್ರಿಮಿಯಾದ ಸಾಕಿಯಲ್ಲಿ ಕಟ್ಟಿದ್ದರು. ಒಕ್ಕೂಟ ಒಡೆದಾಗ ಸಾಕಿ ಉಕ್ರೇನಿಗೆ ಹೋಯಿತು. ಅಲ್ಲಿದ್ದ ನೌಕಾ ಪೈಲಟ್‌ಗಳ ನಾಯಕ ತಿಮುರ್ ಅಪಾಕಿಡ್ಜೆ ಉಕ್ರೇನಿಗೆ ನಿಷ್ಠೆಯ ಪ್ರತಿಜ್ಞೆ ಮಾಡಲು ಒಪ್ಪದೆ, ಸಂಗಡಿಗರೊಂದಿಗೆ ಕ್ರಿಮಿಯಾದ ಬಿಸಿಲು ಬಿಟ್ಟು ಧ್ರುವದ ಹತ್ತಿರದ ಸೆವೆರೊಮೊರ್ಸ್ಕ್-3 ನೆಲೆಗೆ ಹೋದರು. ರಷ್ಯಾದಲ್ಲಿ ಹಡಗಿನಿಂದ ಹಾರುವ ವಿದ್ಯೆ ಉಳಿದದ್ದು ಆ ಒಂದು ರೆಜಿಮೆಂಟಿನಲ್ಲಿ. 2001ರ ಜುಲೈ 17ರಂದು ಪ್ಸ್ಕೋವ್ ಪ್ರಾಂತ್ಯದ ಒಸ್ತ್ರೋವ್‌ನಲ್ಲಿ ಪ್ರದರ್ಶನ ಹಾರಾಟದ ವೇಳೆ ಅವರ ಸು-33 ಬಿದ್ದು ಅಪಾಕಿಡ್ಜೆ ತೀರಿಕೊಂಡರು. ಅದು ರಷ್ಯಾದ ನೌಕಾ ವಾಯುಪಡೆಯ ದಿನ. 1916ರಲ್ಲಿ ಅದೇ ದಿನ ‘ಒರ್ಲಿತ್ಸಾ’ ಎಂಬ ಹಡಗಿನ ಕಡಲವಿಮಾನಗಳು ಬಾಲ್ಟಿಕ್ ಮೇಲೆ ಜರ್ಮನರೊಡನೆ ಕಾದಿ ಗೆದ್ದಿದ್ದವು. ಒರ್ಲಿತ್ಸಾದಿಂದ ಸಿರಿಯಾ ದಾಳಿಗೆ ಸರಿಯಾಗಿ ನೂರು ವರ್ಷ. ನಡುವೆ 1980ರಲ್ಲಿ ನಾಲ್ಕು ಯಾಕ್-38 ನೌಕಾವಿಮಾನಗಳನ್ನು ಅಫ್ಘಾನಿಸ್ತಾನಕ್ಕೆ ಒಯ್ದು ಪರೀಕ್ಷಿಸಿದ್ದುಂಟು, ಅದೂ ಒಣ ನೆಲದ ಮೇಲೆ.

ಸಾಕಿಯಲ್ಲಿ ಅಭ್ಯಾಸ ಮಾಡಲು ರಷ್ಯಾ ವರ್ಷಗಟ್ಟಲೆ ಉಕ್ರೇನಿಗೆ ಬಾಡಿಗೆ ಕೊಟ್ಟಿತು. ಆ ಪರಾವಲಂಬನೆ ತಪ್ಪಿಸಿಕೊಳ್ಳಲು ಅಜೋವ್ ಸಮುದ್ರದ ದಡದ ಯೇಯ್ಸ್ಕ್‌ನಲ್ಲಿ ಹೊಸ ತರಬೇತಿ ನೆಲೆ ಕಟ್ಟತೊಡಗಿತು. 2014ರಲ್ಲಿ ಕ್ರಿಮಿಯಾವನ್ನೇ ವಶಪಡಿಸಿಕೊಂಡಾಗ ಸಾಕಿ ಮತ್ತೆ ಕೈಗೆ ಬಂತು. 2022ರ ಆಗಸ್ಟ್ 9ರ ಮಧ್ಯಾಹ್ನ ಆ ನೆಲೆ ಸರಣಿ ಸ್ಫೋಟಗಳಿಂದ ನಡುಗಿತು. ಹತ್ತಿರದ ಬೀಚಿನಲ್ಲಿದ್ದ ರಜೆಯ ಜನ ಕೊಡೆ, ಚಾಪೆ ಬಿಟ್ಟು ಓಡಿದ ವಿಡಿಯೊಗಳನ್ನು ಆಗ ನಾವೆಲ್ಲ ನೋಡಿದ್ದೇವೆ. ಸು-24, ಸು-30 ವಿಮಾನಗಳು ಸುಟ್ಟು ಬಿದ್ದದ್ದು ಉಪಗ್ರಹ ಚಿತ್ರಗಳಲ್ಲಿ ಕಾಣಿಸಿತು. ಅವು ಕಪ್ಪು ಸಮುದ್ರದ ನೌಕಾ ವಾಯುಪಡೆಯ ವಿಮಾನಗಳು, ದಡದಿಂದಲೇ ಹಾರುವಂಥವು.

ರಷ್ಯಾದ ನೌಕಾ ವಾಯುಪಡೆ ಮೊದಲಿನಿಂದಲೂ ಮುಖ್ಯವಾಗಿ ದಡದ ಪಡೆಯೇ. 1941ರ ಆಗಸ್ಟ್‌ನಲ್ಲಿ ಜರ್ಮನ್ ಸೇನೆ ಮುನ್ನುಗ್ಗುತ್ತಿದ್ದಾಗ ಬರ್ಲಿನ್ ಮೇಲೆ ಮೊದಲ ಸೋವಿಯತ್ ಬಾಂಬ್ ಹಾಕಿದ್ದು ಬಾಲ್ಟಿಕ್ ನೌಕಾಪಡೆಯ ಪೈಲಟ್‌ಗಳು, ಯೆವ್ಗೆನಿ ಪ್ರೆಯೊಬ್ರಜೆನ್ಸ್ಕಿ ನೇತೃತ್ವದಲ್ಲಿ, ಎಸ್ಟೋನಿಯಾದ ಸಾರೆಮಾ ದ್ವೀಪದ ನೆಲದಿಂದ. ಶೀತಲ ಸಮರದಲ್ಲಿ ಅಮೆರಿಕದ ವಿಮಾನವಾಹಕಗಳನ್ನು ಬೇಟೆಯಾಡಲು ನೆಚ್ಚಿಕೊಂಡದ್ದು ಕ್ಷಿಪಣಿ ಹೊತ್ತ ತುಪೊಲೆವ್ ಬಾಂಬರ್‌ಗಳನ್ನು. ಅವುಗಳಲ್ಲಿ ಹೆಚ್ಚಿನವು 2011ರಲ್ಲಿ ವಾಯುಪಡೆಗೆ ಹೋದವು. ಆ ಪರಂಪರೆಯ ವಿಮಾನವೊಂದನ್ನು ನೋಡಲು ಮಾಸ್ಕೋಗೆ ಹೋಗಬೇಕಾಗಿಲ್ಲ. ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಹಳೆಯ ಯುದ್ಧನೌಕೆ ‘ಐಎನ್‌ಎಸ್ ಚಪಲ್’ ಪಕ್ಕದಲ್ಲಿ ನಿಲ್ಲಿಸಿರುವ ಟಿಯು-142 ಜಲಾಂತರ್ಗಾಮಿ ಬೇಟೆಗೆಂದು ಸೋವಿಯತ್ ನೌಕಾಪಡೆ ಮಾಡಿಸಿದ್ದ ದೂರಹಾರಿ ವಿಮಾನ. ನಮ್ಮ ನೌಕಾಪಡೆಯಲ್ಲಿ ಅದು 1988ರಿಂದ 2017ರವರೆಗೆ ದುಡಿಯಿತು. ಒಂದೇ ಅಕ್ಷಕ್ಕೆ ಎರಡೆರಡರಂತೆ ಎದುರುಬದುರು ತಿರುಗುವ ಅದರ ಪ್ರೊಪೆಲ್ಲರ್‌ಗಳ ಕೆಳಗೆ ಒಮ್ಮೆ ನಿಂತು ನೋಡಿದರೆ ರಷ್ಯನ್ನರ ಮನಸ್ಸು ಅರ್ಥವಾಗುತ್ತದೆ: ನೆಲ ನಮ್ಮದು ಬೇಕಾದಷ್ಟಿದೆ, ದೂರ ಹಾರುವ ವಿಮಾನವಿದ್ದರೆ ಸಾಕು.

ಆ ನಂಬಿಕೆಗೂ ಈಗ ಕಪ್ಪು ಸಮುದ್ರದಲ್ಲಿ ಪೆಟ್ಟು ಬೀಳುತ್ತಿದೆ. ನೌಕಾಪಡೆಯೇ ಹೆಚ್ಚುಕಡಿಮೆ ಇಲ್ಲದ ಉಕ್ರೇನ್ ದೋಣಿಯಾಕಾರದ ಡ್ರೋನ್‌ಗಳನ್ನು ಬಿಟ್ಟಿತು, ಅವುಗಳನ್ನು ಮೇಲಿನಿಂದ ಬೇಟೆಯಾಡುವುದು ರಷ್ಯಾದ ನೌಕಾ ಹೆಲಿಕಾಪ್ಟರ್ ಮತ್ತು ವಿಮಾನಗಳ ನಿತ್ಯದ ಕೆಲಸವಾಯಿತು. ಆಗ ಉಕ್ರೇನ್ ಅದೇ ದೋಣಿಗಳ ಮೇಲೆ ಕ್ಷಿಪಣಿ ಕೂರಿಸಿತು. 2025ರ ಮೇ ಆರಂಭದಲ್ಲಿ ನೊವೊರೊಸಿಸ್ಕ್ ಬಳಿ ಇಂಥ ಡ್ರೋನ್‌ಗಳಿಂದ ಎರಡು ಸು-30ಗಳನ್ನು ಹೊಡೆದುರುಳಿಸಿದ್ದಾಗಿ ಅದು ಹೇಳಿಕೊಂಡಿತು. ನೀರಿನ ಮೇಲೆ ತೇಲುವ, ಒಳಗೆ ಮನುಷ್ಯರೇ ಇಲ್ಲದ ವಸ್ತು ಯುದ್ಧವಿಮಾನವನ್ನು ಬೀಳಿಸುವ ಕಾಲದಲ್ಲಿ ಅವಕ್ಯಾಂತ್ಸ್ ಮಾತನ್ನು ಪೂರ್ತಿ ತಳ್ಳಿಹಾಕುವುದು ಕಷ್ಟ. ಆದರೆ ಕಪ್ಪು ಸಮುದ್ರ ಸಣ್ಣದು, ಸುತ್ತ ದಡವಿರುವುದು. ಅಲ್ಲಿ ಕಲಿತದ್ದನ್ನು ಹಿಂದೂ ಮಹಾಸಾಗರಕ್ಕೆ ಹಾಗೆಯೇ ಅನ್ವಯಿಸುವವರು ನಕ್ಷೆಯ ಅಳತೆಗೋಲನ್ನು ಮರೆತಿರುತ್ತಾರೆ.

ಹಿಂದೂ ಮಹಾಸಾಗರ ಎಂದ ಮೇಲೆ ಕಾರವಾರದ ಇನ್ನೊಂದು ನಿವಾಸಿಯ ಮಾತು ಬರಲೇಬೇಕು. ‘ಐಎನ್‌ಎಸ್ ವಿಕ್ರಮಾದಿತ್ಯ’ ಕುಜ್ನೆತ್ಸೋವ್‌ನ ದೊಡ್ಡಪ್ಪನ ಮಗ ಎನ್ನಬಹುದು. ಅದೇ ನಿಕೊಲಾಯೆವ್‌ನಲ್ಲಿ ‘ಬಾಕು’ ಆಗಿ ಹುಟ್ಟಿ, ‘ಅಡ್ಮಿರಲ್ ಗೊರ್ಷ್ಕೊವ್’ ಆಗಿ, ಬಾಯ್ಲರ್ ಕೋಣೆಯ ಸ್ಫೋಟದ ನಂತರ ಸೇವೆಯಿಂದ ಹೊರಬಿದ್ದ ಹಡಗು. 2004ರಲ್ಲಿ 97.4 ಕೋಟಿ ಡಾಲರಿಗೆ ಆದ ಒಪ್ಪಂದ ಕೊನೆಗೆ 235 ಕೋಟಿ ಡಾಲರಿಗೆ ಮುಟ್ಟಿತು. 2012ರ ಪರೀಕ್ಷಾ ಯಾನದಲ್ಲಿ ಎಂಟು ಬಾಯ್ಲರ್‌ಗಳಲ್ಲಿ ಏಳು ಕೆಟ್ಟವು. ಭಾರತ ಕಲ್ನಾರು ಬೇಡವೆಂದಿತ್ತು, ಅದರ ಬದಲು ಹಾಕಿದ ಬೆಂಕಿಯಿಟ್ಟಿಗೆಗಳು ಕಾವು ತಡೆಯದೆ ಬಿರುಕುಬಿಟ್ಟವು. ಅಂತೂ 2013ರ ನವೆಂಬರ್ 16ರಂದು ನಮ್ಮ ಕೈಗೆ ಬಂದು, 2014ರ ಜನವರಿಯಲ್ಲಿ ಕಾರವಾರ ತಲುಪಿತು. ರಷ್ಯನ್ನರು ಮಾಡದ ಒಂದು ಕೆಲಸವನ್ನು ನಾವು ಮಾಡಿದೆವು. ಗೋವಾದ ‘ಐಎನ್‌ಎಸ್ ಹಂಸ’ದಲ್ಲಿ ಸ್ವಂತ ತರಬೇತಿ ಡೆಕ್, ಕಾರವಾರದಲ್ಲಿ ತಕ್ಕ ಕಟ್ಟೆ, ಕೊಚ್ಚಿಯಲ್ಲಿ ಡಾಕ್ ಎಲ್ಲವೂ ಇವೆ. ನಮ್ಮಲ್ಲೂ ಬೆಂಕಿ ಬಿದ್ದಿದೆ, 2019ರಲ್ಲಿ ಹಡಗು ಕಾರವಾರ ಬಂದರನ್ನು ಪ್ರವೇಶಿಸುವಾಗಲೇ ಒಬ್ಬ ಅಧಿಕಾರಿಯನ್ನು ಕಳೆದುಕೊಂಡಿದ್ದೇವೆ. ಆದರೆ ಹಡಗು ಕಡಲಿನಲ್ಲಿದೆ.

ನಮ್ಮಲ್ಲಿ ದುರ್ಬಲವಾದ ಕೊಂಡಿಯೆಂದರೆ ವಿಮಾನ. ಮಿಗ್-29ಕೆ 1989ರಲ್ಲಿ ಹಾರಿ ತೋರಿಸಿದರೂ ರಷ್ಯಾ ಅದನ್ನು ಕೊಳ್ಳದೆ ಸು-33 ಆರಿಸಿಕೊಂಡಿತ್ತು. ಮೂಲೆ ಸೇರಿದ್ದ ಆ ಯೋಜನೆಗೆ ಜೀವ ಬಂದದ್ದು ಭಾರತದ 45 ವಿಮಾನಗಳ ಬೇಡಿಕೆಯಿಂದ. ರಷ್ಯಾ ತನಗಾಗಿ 24 ವಿಮಾನಗಳಿಗೆ ಆದೇಶ ಕೊಟ್ಟದ್ದು ಆಮೇಲೆ, 2012ರಲ್ಲಿ. ಸಿರಿಯಾ ಸಮುದ್ರದಲ್ಲಿ ಮುಳುಗಿದ ಆ ಮಿಗ್ ನಮ್ಮ ದುಡ್ಡಿನ ದೆಸೆಯಿಂದ ಹುಟ್ಟಿದ ಸಂತತಿಯದು. ನಮ್ಮ ವಿಮಾನಗಳ ಬಗ್ಗೆ ಸರ್ಕಾರಿ ಲೆಕ್ಕಪರಿಶೋಧಕ ಸಂಸ್ಥೆ ಸಿಎಜಿ 2016ರಲ್ಲಿ ಬರೆದ ವರದಿ ಸಿಹಿಯಾಗಿರಲಿಲ್ಲ. ಬಂದ 65 ಎಂಜಿನ್‌ಗಳಲ್ಲಿ 40 ದೋಷದಿಂದ ಹೊರಬಿದ್ದಿದ್ದವು, ಹಾರಲು ಸಿದ್ಧವಿದ್ದ ವಿಮಾನಗಳ ಪ್ರಮಾಣ ಶೇಕಡ 15.93ರಿಂದ 37.63ರ ನಡುವೆ ಓಲಾಡುತ್ತಿತ್ತು. ಆ ಸ್ಥಿತಿ ಆಮೇಲೆ ಸುಧಾರಿಸಿದೆ ಎಂದು ನೌಕಾಪಡೆ ಹೇಳುತ್ತದೆ. 2025ರ ಏಪ್ರಿಲ್‌ನಲ್ಲಿ 26 ಫ್ರೆಂಚ್ ರಫೇಲ್-ಮರೀನ್ ವಿಮಾನಗಳಿಗೆ ಸುಮಾರು 63,000 ಕೋಟಿ ರೂಪಾಯಿಯ ಒಪ್ಪಂದವಾಯಿತು. ಬೆಂಗಳೂರಿನ ವಿಮಾನ ವಿನ್ಯಾಸ ಸಂಸ್ಥೆ ಎಡಿಎ ರೂಪಿಸುತ್ತಿರುವ ಎರಡು ಎಂಜಿನ್ನಿನ ಸ್ವದೇಶಿ ನೌಕಾವಿಮಾನ ಇನ್ನೂ ವಿನ್ಯಾಸದ ಹಂತದಲ್ಲಿದೆ. ಅದಕ್ಕೆ ಮುನ್ನುಡಿಯಾಗಿ 2020ರ ಜನವರಿ 11ರಂದು ನೌಕಾ ತೇಜಸ್ ವಿಕ್ರಮಾದಿತ್ಯದ ತಂತಿ ಹಿಡಿದು ಇಳಿದಿತ್ತು.

ರಫೇಲ್‌ಗಳು ಬಂದು ಸೇರುವವರೆಗೆ, ಬಂದ ಮೇಲೂ ಕೆಲವು ಕಾಲ, ವಿಕ್ರಮಾದಿತ್ಯ ಮತ್ತು ವಿಕ್ರಾಂತ್ ಎರಡರ ಡೆಕ್ಕಿಗೂ ಮಿಗ್-29ಕೆ ಬೇಕೇ ಬೇಕು. ಅದರ ಎಂಜಿನ್ನು, ಬಿಡಿಭಾಗಗಳು ಬರಬೇಕಾದದ್ದು ರಷ್ಯಾದಿಂದ. ಅಲ್ಲಿನ ಕಾರ್ಖಾನೆಗಳಿಗೆ ಈಗ ಉಕ್ರೇನ್ ಯುದ್ಧದ ಕೆಲಸವೇ ಮೊದಲು. ಅಲ್ಲಿನ ಮಿಗ್-29ಕೆಗಳೂ ಸು-33ಗಳೂ ಹಡಗಿಲ್ಲದೆ ನೆಲದ ರನ್‌ವೇಗಳಿಂದ ಹಾರುತ್ತಿವೆ. ಕುಜ್ನೆತ್ಸೋವ್ ಗುಜರಿಗೆ ಹೋದ ದಿನ, ಮಿಗ್-29ಕೆ ವಿಮಾನವನ್ನು ಹಡಗಿನ ಮೇಲೆ ಇಳಿಸುವ ದೇಶ ಜಗತ್ತಿನಲ್ಲಿ ಭಾರತ ಒಂದೇ ಆಗುತ್ತದೆ. ಕೊಕ್ಕೆ ಬಿರುಕು ಬಿಟ್ಟರೆ, ಇಳಿಯುವ ಗಾಲಿಯ ಕಾಲು ಬಾಗಿದರೆ, ನಿಮ್ಮಲ್ಲಿ ಹೀಗಾದಾಗ ಏನು ಮಾಡಿದಿರಿ ಎಂದು ಕಾರವಾರದ ಎಂಜಿನಿಯರ್ ಫೋನ್ ಮಾಡಿ ಕೇಳಲು ಆ ತುದಿಯಲ್ಲಿ ಯಾರೂ ಇರುವುದಿಲ್ಲ.